ನಮ್ಮ ತೋಟದ ಬೀಟೆ, ಗಿಟಾರಿನ ಕತ್ತು

ಕಳೆದ ಮಳೆಗಾಲದಲ್ಲಿ ಬೇರೆ ಯಾವುದೋ ಸುದ್ದಿಗೆಂದು ಹಾರಂಗಿ ಹಿನ್ನೀರಿನ ಪಕ್ಕದ ಊರೊಂದಕ್ಕೆ ಹೋಗಿದ್ದೆವು. ಮಳೆ ಜೋರಾಯಿತು, ಒಂದು ಮನೆಯ ಜಗುಲಿಯಲ್ಲಿ ನಿಂತೆವು. ಒಳಗೆ ಕಾಲೇಜು ಹುಡುಗನೊಬ್ಬ ಎಲೆಕ್ಟ್ರಿಕ್ ಗಿಟಾರ್ ಬಾರಿಸುತ್ತಿದ್ದ. ಸೆಕೆಂಡ್ ಹ್ಯಾಂಡ್ ಗಿಟಾರು. ಸ್ವರಕ್ಕಿಂತ ‘ಗುಂಯ್’ ಎನ್ನುವ ಸದ್ದೇ ಜಾಸ್ತಿ.

"ಅಣ್ಣಾ, ಬೀಟೆ ಮರದ ಪಟ್ಟಿ ಹಾಕಿಸಿದ್ರೆ ಸೌಂಡ್ ಚೆನ್ನಾಗಿ ಬರುತ್ತಂತೆ, ಹೌದಾ?" ಎಂದು ಕೇಳಿದ.

ಅವನ ಅಪ್ಪ ನಕ್ಕು ಕಾಫಿ ತೋಟದ ಕಡೆ ಕೈ ತೋರಿಸಿದರು. "ಬೀಟೆ ಅಲ್ಲೇ ನಿಂತಿದೆ ನೋಡಿ. ಮುಟ್ಟಬೇಕಂದ್ರೆ ಪರ್ಮಿಷನ್ ಬೇಕು."

ಮಗನ ಪ್ರಶ್ನೆ, ಅಪ್ಪನ ಮಾತು ಎರಡೂ ನಮ್ಮ ತಲೆಯಲ್ಲಿ ಉಳಿದವು. ನಮ್ಮ ಬೀಟೆ ಗಿಟಾರಿಗೆ ಹೋಗಿದ್ದು ಹೇಗೆ? ಅದರಿಂದ ನಿಜವಾಗಿ ಸ್ವರ ಸುಧಾರಿಸುತ್ತದೆಯೇ?

ಗಿಟಾರಿನ ಕತ್ತಿನ ಮೇಲೆ ಬೆರಳು ಒತ್ತುವ ಪಟ್ಟಿ ಇರುತ್ತದೆ. ಅದನ್ನು ಫ್ರೆಟ್‌ಬೋರ್ಡ್ ಎನ್ನುತ್ತಾರೆ. ಅಮೆರಿಕದ ಫೆಂಡರ್ ಕಂಪನಿ 1950ರಲ್ಲಿ ಗಟ್ಟಿ ಮರದ ಎಲೆಕ್ಟ್ರಿಕ್ ಗಿಟಾರ್ ಮಾರುಕಟ್ಟೆಗೆ ತಂದಾಗ ಕತ್ತು ಪೂರ್ತಿ ಬಿಳಿ ಬಣ್ಣದ ಮೇಪಲ್ ಮರದ್ದು. ಬಾರಿಸಿ ಬಾರಿಸಿ ಪಾಲಿಶ್ ಸವೆದು ಅದು ಕೊಳೆಯಾಗಿ ಕಾಣುತ್ತಿತ್ತು. 1958-59ರ ಹೊತ್ತಿಗೆ ಕಂಪನಿ ಕಪ್ಪುಗೆಂಪು ರೋಸ್‌ವುಡ್ ಪಟ್ಟಿ ಅಂಟಿಸತೊಡಗಿತು. ಗಮನಿಸಿ, ಆ ಬದಲಾವಣೆಗೆ ಸ್ವರಕ್ಕಿಂತ ಅಂದವೇ ಮುಖ್ಯ ಕಾರಣ.

ಆಗ ಬಳಸುತ್ತಿದ್ದದ್ದು ಬ್ರೆಜಿಲ್ ದೇಶದ ರೋಸ್‌ವುಡ್. 1960ರ ದಶಕದ ಕೊನೆಯಲ್ಲಿ ಬ್ರೆಜಿಲ್ ತನ್ನ ದಿಮ್ಮಿಗಳನ್ನು ಹೊರಗೆ ಬಿಡುವುದಕ್ಕೆ ಕಡಿವಾಣ ಹಾಕಿತು. ಅಕೂಸ್ಟಿಕ್ ಗಿಟಾರಿಗೆ ಹೆಸರಾದ ಮಾರ್ಟಿನ್ ಕಂಪನಿ 1969ರಲ್ಲಿ ಭಾರತದ ರೋಸ್‌ವುಡ್‌ಗೆ ಬದಲಾಯಿತು. ಉಳಿದವರೂ ಅದೇ ದಾರಿ ಹಿಡಿದರು. ಆ ಭಾರತದ ರೋಸ್‌ವುಡ್ ಎಂದರೆ ನಮ್ಮ ಬೀಟೆಯೇ. ಪಶ್ಚಿಮ ಘಟ್ಟದ ಕಾಡಿನ ಮರ, ಕೊಡಗಿನ ಕಾಫಿಗೆ ನೆರಳು ಕೊಟ್ಟ ಮರ. ಎಣ್ಣೆ ಅಂಶ ಇರುವುದರಿಂದ ಪಾಲಿಶ್ ಇಲ್ಲದೆಯೂ ಬೆವರು ತಡೆಯುತ್ತದೆ.

ಇನ್ನು ಸ್ವರದ ವಿಷಯ. ಅಕೂಸ್ಟಿಕ್ ಗಿಟಾರಿನಲ್ಲಿ ಮರವೇ ಕಂಪಿಸಿ ಸದ್ದು ಮಾಡುತ್ತದೆ. ಎಲೆಕ್ಟ್ರಿಕ್ ಗಿಟಾರಿನಲ್ಲಿ ತಂತಿಯ ಕೆಳಗೆ ಪಿಕಪ್ ಇರುತ್ತದೆ. ಆಯಸ್ಕಾಂತ, ಅದರ ಸುತ್ತ ತಾಮ್ರದ ಸುರುಳಿ. ಉಕ್ಕಿನ ತಂತಿ ಅಲುಗಿದರೆ ಸುರುಳಿಯಲ್ಲಿ ಸಣ್ಣ ಕರೆಂಟು ಹುಟ್ಟುತ್ತದೆ, ಆಂಪ್ಲಿಫೈಯರ್ ಅದನ್ನು ದೊಡ್ಡದು ಮಾಡುತ್ತದೆ. ಹಾಗಾಗಿ ಪಿಕಪ್ ಮತ್ತು ಆಂಪ್ಲಿಫೈಯರ್ ಬದಲಾದರೆ ಸ್ವರ ಎದ್ದು ಕಾಣುವಷ್ಟು ಬದಲಾಗುತ್ತದೆ. ಪಟ್ಟಿಯ ಮರದಿಂದ ಎಷ್ಟು ಬದಲಾಗುತ್ತದೆ ಎಂಬ ಜಗಳ ಬಾರಿಸುವವರ ನಡುವೆ ಇನ್ನೂ ಮುಗಿದಿಲ್ಲ.

ಆ ‘ಗುಂಯ್’ ಸದ್ದಿಗೂ ಚರಿತ್ರೆ ಇದೆ. ಒಂದೇ ಸುರುಳಿಯ ಪಿಕಪ್ ಸುತ್ತಲಿನ ವೈರಿಂಗ್‌ನ ಗುನುಗನ್ನೂ ಎಳೆದುಕೊಳ್ಳುತ್ತದೆ. 1950ರ ದಶಕದಲ್ಲಿ ಗಿಬ್ಸನ್ ಕಂಪನಿಯ ಸೆತ್ ಲವರ್ ಎರಡು ಸುರುಳಿಗಳನ್ನು ಒಂದಕ್ಕೊಂದು ತಿರುವುಮುರುವಾಗಿ ಜೋಡಿಸಿದರು. ಗುನುಗು ಗುನುಗನ್ನೇ ಕೊಂದಿತು, ಸ್ವರ ಉಳಿಯಿತು. ಅದೇ ಹಂಬಕರ್. 1970ರ ದಶಕದಲ್ಲಿ ಡಿಮಾರ್ಜಿಯೊ, ಸೆಮೂರ್ ಡಂಕನ್ ಹೆಸರಿನ ಪಿಕಪ್‌ಗಳು ಬಿಡಿಯಾಗಿ ಮಾರಾಟಕ್ಕೆ ಬಂದವು. ಹಳೆ ಗಿಟಾರನ್ನು ಬಿಚ್ಚಿ ಸುಧಾರಿಸುವ ಅಭ್ಯಾಸ ಅಲ್ಲಿಂದ ಹಬ್ಬಿತು. ಎಡ್ಡಿ ವ್ಯಾನ್ ಹೇಲನ್ ಅಗ್ಗದ ಬಾಡಿ, ಅಗ್ಗದ ಕತ್ತು ತಂದು ಗಿಬ್ಸನ್ ಪಿಕಪ್ ಕೂರಿಸಿದರು. 1978ರಲ್ಲಿ ಬಂದ ಅವರ ತಂಡದ ಮೊದಲ ಆಲ್ಬಮ್ಮಿನಲ್ಲಿ ಕೇಳುವುದು ಆ ಜೋಡಣೆಯ ಸದ್ದು. ಅದಕ್ಕೂ ಮೊದಲು, 1963ರಲ್ಲಿ ಇಂಗ್ಲೆಂಡಿನ ಬ್ರಿಯಾನ್ ಮೇ ತಂದೆಯ ಜೊತೆ ಸೇರಿ ಮನೆಯಲ್ಲೇ ಗಿಟಾರ್ ಕಟ್ಟಲು ಕೂತಿದ್ದರು. ಕತ್ತಿಗೆ ಹಳೆ ಬೆಂಕಿಗೂಡಿನ ಮರ, ಸ್ಪ್ರಿಂಗಿಗೆ ಹಳೆ ಮೋಟಾರ್ ಸೈಕಲ್ಲಿನದು. ಮುಂದೆ ಕ್ವೀನ್ ತಂಡದಲ್ಲಿ ಅವರು ಬಾರಿಸಿದ್ದು ಅದನ್ನೇ. ಬೀಟೆ ಇಲ್ಲದೆಯೂ ಕೆಲಸ ನಡೆದಿದೆ.

ಆದರೂ ಜಗತ್ತಿಗೆ ಬೀಟೆ ಬೇಕು. 2017ರ ಜನವರಿ 2ರಿಂದ ರೋಸ್‌ವುಡ್ ಜಾತಿಯ ಮರಗಳೆಲ್ಲ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಹಿಡಿತಕ್ಕೆ ಬಂದವು. ಗಿಟಾರ್ ದೇಶ ದಾಟಲೂ ಕಾಗದಪತ್ರ ಬೇಕಾಯಿತು. ಫೆಂಡರ್ ಹಲವು ಗಿಟಾರುಗಳಿಗೆ ಪಾವ್ ಫೆರೊ ಎಂಬ ಬೇರೆ ಮರ ಹಾಕಿತು. 2019ರ ನವೆಂಬರ್‌ನಲ್ಲಿ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಮರದ ಮೇಲಿನ ಹಿಡಿತ ಹಾಗೇ ಇದೆ.

ಕಂಪನಿಗೆ ವಿನಾಯಿತಿ ಸಿಕ್ಕಿತು, ಮರ ಬೆಳೆದವನಿಗೆ? ಕೊಡಗಿನಲ್ಲಿ ಈ ಕಥೆ ಬ್ರಿಟಿಷರ ಕಾಲದ ಕಂದಾಯ ಪದ್ಧತಿಗೆ ಹೋಗುತ್ತದೆ. ಮರದ ಬೆಲೆ ಸರ್ಕಾರಕ್ಕೆ ಕಟ್ಟಿ ಹಕ್ಕು ಬಿಡಿಸಿಕೊಂಡ ಜಾಗ ‘ರಿಡೀಮ್ಡ್’. ಕಟ್ಟದಿದ್ದರೆ ‘ಅನ್‌ರಿಡೀಮ್ಡ್’, ಅಲ್ಲಿ ಭೂಮಿ ನಿಮ್ಮದು, ಮರ ಸರ್ಕಾರದ್ದು. ರಿಡೀಮ್ಡ್ ಆಗಿದ್ದರೂ ಬೀಟೆ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು.

ಕಾಯ್ದೆಯ ಉದ್ದೇಶ ಮರ ಉಳಿಸುವುದು. ಅದು ತಪ್ಪಲ್ಲ, ಬೀಟೆ ಅಪಾಯದಲ್ಲಿರುವ ಮರಗಳ ಪಟ್ಟಿಯಲ್ಲಿದೆ. ಆದರೆ ತೋಟದವರು ಏನು ಮಾಡಿದರು ನೋಡಿ. ಬೇಗ ಬೆಳೆಯುವ, ಕಡಿಯಲು ತೊಡಕಿಲ್ಲದ ಸಿಲ್ವರ್ ಓಕ್ ನೆಟ್ಟರು. ಕೊಡಗಿನ ತೋಟಗಳಲ್ಲಿ ಹಳೆ ಕಾಡುಮರಗಳ ಜಾಗಕ್ಕೆ ಆಸ್ಟ್ರೇಲಿಯಾದ ಸಿಲ್ವರ್ ಬಂದು ನಿಂತಿದೆ. ಇದ್ದ ಬೀಟೆಯನ್ನು ಕಾಯ್ದೆ ಕಾಯ್ದಿರಬಹುದು, ಹೊಸ ಬೀಟೆ ನೆಡುವ ಆಸೆಯನ್ನು ಕಾಯಲಿಲ್ಲ.

ಮಳೆ ನಿಲ್ಲುವ ಹೊತ್ತಿಗೆ ಗಿಟಾರಿನ ರೋಗ ಗೊತ್ತಾಗಿತ್ತು. ಗೋಡೆಯ ಪ್ಲಗ್ಗಿನಲ್ಲಿ ಅರ್ಥಿಂಗ್ ತಂತಿಯೇ ಇರಲಿಲ್ಲ. ತಂತಿ ಮುಟ್ಟಿದರೆ ಜುಮ್ಮೆನ್ನುತ್ತದೆ ಎಂದೂ ಹುಡುಗ ಹೇಳಿದ. ಹಾಗಾದರೆ ಬಾರಿಸಲೇಬೇಡ, ಅದು ಜೀವಕ್ಕೆ ಅಪಾಯ, ಮೊದಲು ಎಲೆಕ್ಟ್ರಿಷಿಯನ್ ಕರೆಸು ಎಂದೆವು. ನಿಮ್ಮ ಮನೆಯಲ್ಲೂ ಗಿಟಾರ್ ಇದ್ದರೆ ಖರ್ಚಿನ ಕ್ರಮ ಹೀಗಿರಲಿ: ಮೊದಲು ಅರ್ಥಿಂಗ್, ಆಮೇಲೆ ಹೊಸ ತಂತಿ. ನಮ್ಮ ಥಂಡಿಗೆ ತಂತಿ ಬೇಗ ತುಕ್ಕು ಹಿಡಿಯುತ್ತದೆ, ಕತ್ತೂ ಬಾಗುತ್ತದೆ, ಬಲ್ಲವರಿಂದ ಸರಿ ಮಾಡಿಸಿ. ಕೊನೆಗೆ ಪಿಕಪ್. ಪಟ್ಟಿಯ ತಂಟೆಗೆ ಹೋಗಬೇಡಿ.

ಎರಡು ವಾರದ ನಂತರ ಹುಡುಗ ಫೋನಿನಲ್ಲಿ ಬಾರಿಸಿ ಕೇಳಿಸಿದ. ಗುನುಗು ಬಹಳ ಇಳಿದಿತ್ತು. ಅವನ ಅಪ್ಪನನ್ನು ಕೇಳಿದೆವು, ಈ ಸಲ ಬೀಟೆ ಸಸಿ ನೆಡುತ್ತೀರಾ?

"ನೆಡಬಹುದು. ಕಡಿಯೋ ಹೊತ್ತಿಗೆ ಮೊಮ್ಮಗ ಇರ್ತಾನೆ. ಅವನೂ ಪರ್ಮಿಷನ್‌ಗೆ ಅಲೀಬೇಕಾ ಹೇಳಿ, ಆಮೇಲೆ ನೆಡ್ತೀನಿ" ಎಂದರು.

ನಮ್ಮ ಹತ್ತಿರ ಉತ್ತರ ಇರಲಿಲ್ಲ.