ಕಾವೇರಿಗೆ ಬಂದ ಕೃಷ್ಣೆಯ ಮೀನು: ಜೀವದಯೆ ಮತ್ತು ವಿವೇಕ

ಯಮಕನಮರಡಿಗೆ ಸಮೀಪದ ಹಿಡಕಲ್ ಜಲಾಶಯದಲ್ಲಿ ತಂಗುವ ಘಟಪ್ರಭೆಯು ಗೋಕಾಕದಲ್ಲಿ ಧುಮುಕಿ, ಪೂರ್ವಾಭಿಮುಖವಾಗಿ ಹರಿದು ಕೃಷ್ಣೆಯನ್ನು ಸೇರುತ್ತದೆ. ಈ ಕೃಷ್ಣಾ ಜಲಾನಯನ ಪ್ರದೇಶಕ್ಕೆ ಸಹಜವಾದ ಜಲಚರಗಳಲ್ಲಿ ನೀಲಿ ರೆಕ್ಕೆಯ ಮಹಶೀರ್ ಮೀನು ಪ್ರಸಿದ್ಧವಾದುದು. ಪುಣೆಯ ಬಳಿಯ ಮುಳಾ-ಮುಠಾ ನದಿಯಲ್ಲಿ ದೊರೆತ ಈ ಮೀನಿಗೆ 1839ರಲ್ಲಿ ಸೈಕ್ಸ್ ಎಂಬ ಆಂಗ್ಲ ಅಧಿಕಾರಿಯು ಶಾಸ್ತ್ರೀಯ ನಾಮವನ್ನಿತ್ತನು. ಇದೇ ಮೀನು ಕಾವೇರಿಯಲ್ಲಿ ಮತ್ತೊಂದು ಮೀನಿನ ಕುಲಕ್ಕೆ ಕಂಟಕವಾದ ಇತಿಹಾಸವು, ಜೀವದಯೆಯನ್ನು ವ್ರತವಾಗಿ ಸ್ವೀಕರಿಸಿದ ಸಮಾಜಕ್ಕೆ ವಿಚಾರಣೀಯವಾಗಿದೆ.

ಕಾವೇರಿ ಮತ್ತು ಅದರ ಉಪನದಿಗಳ ಹೊರತು ಬೇರೆಲ್ಲಿಯೂ ಇಲ್ಲದ ಮಹಶೀರ್ ಒಂದುಂಟು. ಅದಕ್ಕೆ ಗೂನುಬೆನ್ನು, ಕಿತ್ತಳೆ ಬಣ್ಣದ ಬಾಲ. 50 ಕಿಲೋ ಮೀರಿ ಬೆಳೆಯಬಲ್ಲ ದೇಹ. ಅಣೆಕಟ್ಟುಗಳು, ಮರಳುಗಾರಿಕೆ, ಸಿಡಿಮದ್ದಿನ ಮೀನುಗಾರಿಕೆ ಇವುಗಳಿಂದ ಮಹಶೀರ್ ಮೀನುಗಳು ಕ್ಷೀಣಿಸತೊಡಗಿದಾಗ ಅವುಗಳನ್ನು ಉಳಿಸುವ ಪ್ರಯತ್ನ ನಡೆಯಿತು. 1970ರ ದಶಕದಿಂದ ಲೋಣಾವಳದ ಟಾಟಾ ವಿದ್ಯುತ್ ಸಂಸ್ಥೆಯ ಕೇಂದ್ರದಲ್ಲಿ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ಬೆಳೆಸಲಾಯಿತು. ಆ ಕುಲದ ಮರಿಗಳನ್ನು ಕಾವೇರಿಗೂ ಬಿಡಲಾಯಿತು. ಉದ್ದೇಶ ಶುಭವಾಗಿತ್ತು, ಆದರೆ ಕೃಷ್ಣೆಯ ಮೀನು ಬೇರೆ, ಕಾವೇರಿಯ ಮೀನು ಬೇರೆ ಎಂಬ ಭೇದವನ್ನು ಗಮನಿಸಲಿಲ್ಲ.

ಕಾವೇರಿ ತೀರದ ಗಾಳಿಬೋರೆಯಲ್ಲಿ ಗಾಳ ಹಾಕಿ ಮೀನು ಹಿಡಿದು ಮರಳಿ ನೀರಿಗೆ ಬಿಡುವ ಶಿಬಿರವಿತ್ತು. ಆ ಆಟವು ಹಿಂಸೆಯಿಂದ ಮುಕ್ತವಲ್ಲ. ಆದರೆ ಅಲ್ಲಿಯ ಲೆಕ್ಕದ ಪುಸ್ತಕಗಳು ಸತ್ಯವನ್ನು ಉಳಿಸಿದವು. 1998ರಿಂದ 2012ರವರೆಗಿನ ಆ ದಾಖಲೆಗಳನ್ನು ಸಂಶೋಧಕರು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದರು. ನೀಲಿ ರೆಕ್ಕೆಯವು ಹೆಚ್ಚುತ್ತ, ಗೂನುಬೆನ್ನಿನವು ಕುಗ್ಗುತ್ತ ಬಂದಿದ್ದವು. 2018ರಲ್ಲಿ ಗೂನುಬೆನ್ನಿನ ಮೀನಿನ ಶಾಸ್ತ್ರೀಯ ನಾಮವು ನಿರ್ಣಯವಾಯಿತು. ಅದೇ ವರ್ಷ ಅದು ಅಳಿವಿನ ಅಂಚಿನ ಜೀವಿಗಳ ಪಟ್ಟಿಯನ್ನೂ ಸೇರಿತು.

ಯುರೋಪಿನ ಅಳಿಲುಗಳ ಕಥೆಯೂ ಇಂತಹುದೇ. 1876ರಲ್ಲಿ ಇಂಗ್ಲೆಂಡಿನ ಚೆಷೈರ್ ಪ್ರಾಂತದ ಶ್ರೀಮಂತನೊಬ್ಬನು ಅಮೆರಿಕದ ಬೂದು ಅಳಿಲುಗಳನ್ನು ಅಂದಕ್ಕಾಗಿ ತನ್ನ ಉದ್ಯಾನದಲ್ಲಿ ಬಿಟ್ಟನು. ಅವು ತಾವು ಬದುಕುಳಿದು ಹೊತ್ತು ತಂದ ಸಿಡುಬು, ಅಲ್ಲಿಯ ಕೆಂಪು ಅಳಿಲುಗಳಿಗೆ ಮಾರಕವಾಯಿತು. ಇಟಲಿಯ ಟ್ಯೂರಿನ್ ಬಳಿ 1948ರಲ್ಲಿ ಬಿಟ್ಟವು ನಾಲ್ಕೇ ಬೂದು ಅಳಿಲುಗಳು. 1997ರಲ್ಲಿ ಅವುಗಳ ಸಂತತಿಯನ್ನು ನಿರ್ಮೂಲಗೊಳಿಸಲು ಹೊರಟಾಗ ಪ್ರಾಣಿದಯಾ ಸಂಘಗಳು ನ್ಯಾಯಾಲಯದ ಮೊರೆಹೊಕ್ಕವು. ಕಾರ್ಯ ನಿಂತಿತು, ಬೂದು ಅಳಿಲುಗಳು ಮತ್ತಷ್ಟು ಹಬ್ಬಿದವು. ಆ ಸಂಘಗಳ ಕರುಣೆಯು ಸುಳ್ಳಲ್ಲ. ಆದರೆ ಅದು ನಲವತ್ತೊಂಬತ್ತು ವರ್ಷ ತಡವಾಗಿ ಬಂದಿತು. ಅಷ್ಟರಲ್ಲಿ ಕೊಂದರೂ ಹಿಂಸೆ, ಬಿಟ್ಟರೂ ಹಿಂಸೆ ಎಂಬ ಇಕ್ಕಟ್ಟು ಒದಗಿತ್ತು.

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣದಲ್ಲಿ ಪ್ರಮಾದವನ್ನು ಮುಂದಿಡುತ್ತದೆ. ಮುನಿಗಳು ಪಾಲಿಸುವ ಐದು ಸಮಿತಿಗಳಲ್ಲಿ ಆದಾನ-ನಿಕ್ಷೇಪಣ ಸಮಿತಿಯೂ ಒಂದು. ಪುಸ್ತಕ, ಕಮಂಡಲುಗಳನ್ನು ಎತ್ತುವಾಗಲೂ ಇಡುವಾಗಲೂ ಜೀವಿಗಳಿಗೆ ಬಾಧೆಯಾಗದಂತೆ ನೋಡಿ, ಪಿಂಛಿಯಿಂದ ಮಾರ್ಜನ ಮಾಡುವುದು ಅದರ ಕ್ರಮ. ಜಡವಸ್ತುವನ್ನು ಇಡುವಾಗಲೇ ಇಷ್ಟು ಎಚ್ಚರ ಬೇಕಾದರೆ, ಒಂದು ನದಿಯ ಜೀವಿಯನ್ನು ಎತ್ತಿ ಇನ್ನೊಂದು ನದಿಯಲ್ಲಿ ಇಡುವಾಗ ಎಷ್ಟು ಎಚ್ಚರ ಬೇಕು?

ಪರ್ವದಿನಗಳಲ್ಲಿ ಮೀನು, ಆಮೆಗಳನ್ನು ಕೊಂಡು ಕೆರೆಗೆ ಬಿಡುವವರು ಅಭಯದಾನದ ಪುಣ್ಯವನ್ನು ಬಯಸುತ್ತಾರೆ. ಆದರೆ ಕೊಂಡ ಮೀನು ಆಫ್ರಿಕದ ಕ್ಯಾಟ್‌ಫಿಶ್ ಆಗಿದ್ದರೆ, ಆ ಕೆರೆಯ ಸಾವಿರಾರು ಸಣ್ಣ ಜೀವಿಗಳಿಗೆ ಅದೇ ಮೃತ್ಯುವಾಗುತ್ತದೆ. ಒಂದರ ಅಭಯ ಜಮೆಯಾದರೆ, ಅನೇಕ ಜೀವಿಗಳ ಭಯ ಖರ್ಚಿನ ಬದಿಗೆ ಬೀಳುತ್ತದೆ. ತುಂಗೆಯ ತೀರದ ಶೃಂಗೇರಿಯಲ್ಲಿಯೂ ಕಾವೇರಿಯ ರಾಮನಾಥಪುರದಲ್ಲಿಯೂ ದೇವಾಲಯದ ಬಳಿಯ ಮೀನುಗಳನ್ನು ಯಾರೂ ಹಿಡಿಯದಂತೆ ರಕ್ಷಿಸುವ ಸಂಪ್ರದಾಯವಿದೆ. ಇದ್ದ ಜೀವಿಯನ್ನು ಇದ್ದಲ್ಲಿಯೇ ಕಾಯುವುದು ನಿರಪಾಯವಾದ ಜೀವದಯೆ.

ಬಸದಿಗಳ ಆಡಳಿತ ಮಂಡಳಿಗಳು ತಮ್ಮ ಕೆರೆ, ಕಲ್ಯಾಣಿಗಳಿಗೆ ಯಾವ ಜೀವಿಯನ್ನು ಬಿಡುವ ಮೊದಲೂ ಅದು ಆ ನೀರಿನದೇ ಎಂಬುದನ್ನು ಬಲ್ಲವರಿಂದ ಕೇಳಿ ತಿಳಿಯಬೇಕು. ಸಂದೇಹವಿದ್ದಲ್ಲಿ ಬಿಡದಿರುವುದೇ ಲೇಸು. ಬಿಟ್ಟ ಮೇಲೆ ಮರಳಿ ಪಡೆಯುವ ಮಾರ್ಗವಿಲ್ಲ. ಕೃಷ್ಣೆಯ ಮೀನು ತಾನಾಗಿ ಕಾವೇರಿಗೆ ಹೋಗಲಿಲ್ಲ; ಒಯ್ದವನು ಮನುಷ್ಯ.