ಮಳೆಗೆ ಬೆಲೆ ಕಟ್ಟಿದ ಮೈಸೂರು

ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನ ತ್ಯಾವಣಿಗೆ ಕಡೆಯ ವಿದ್ಯಾರ್ಥಿಯೊಬ್ಬರು ಇಂದು ಬೆಂಗಳೂರಿನ ವಿಮಾ ಕಂಪನಿಗೆ, ವಿಮೆಯ ಲೆಕ್ಕ ಕಟ್ಟುವ ಆಕ್ಚುಯರಿ ವಿಭಾಗದ ಇಂಟರ್ನ್ ಆಗಿ ಸೇರಿದರೆ, ಮೊದಲ ಕೆಲವು ವಾರ ಅಂಕಿಗಳನ್ನು ಚೊಕ್ಕಟ ಮಾಡುವುದರಲ್ಲೇ ಕಳೆಯುತ್ತವೆ. ಬಿಟ್ಟುಹೋದ ಜನ್ಮದಿನಾಂಕ, ಎರಡೆರಡು ಸಲ ದಾಖಲಾದ ಪಾಲಿಸಿ, ಪರಿಹಾರ ಯಾವ ವರ್ಷದ್ದು ಎಂಬ ಗೊಂದಲ. ಅದಾದ ಮೇಲೆಯೇ ಸಾವಿನ ಸಂಭವ, ಕಂತಿನ ಮೊತ್ತ, ಮೀಸಲು ನಿಧಿಯ ಮಾತು. ಈ ವಿದ್ಯೆ ಲಂಡನ್ನಿನಿಂದ ನೇರವಾಗಿ ಬೆಂಗಳೂರಿನ ಗಾಜಿನ ಕಟ್ಟಡಗಳಿಗೆ ಇಳಿದು ಬಂದಂತೆ ಮೇಲುನೋಟಕ್ಕೆ ತೋರುತ್ತದೆ. ನಡುವೆ ಹಳೆಯ ಮೈಸೂರು ಸಂಸ್ಥಾನದ ಒಂದು ಅಧ್ಯಾಯವಿದೆ. ಅದರ ಬಗ್ಗೆ ನಮ್ಮಲ್ಲಿ ಮಾತು ತೀರಾ ಕಡಿಮೆ.

1876ರಿಂದ 1878ರವರೆಗಿನ ಬರ, ಹಿರಿಯರ ಬಾಯಲ್ಲಿ ಧಾತು-ಈಶ್ವರ ಸಂವತ್ಸರಗಳ ಬರ, ಸಂಸ್ಥಾನವನ್ನು ನುಂಗಿಹಾಕಿತ್ತು. 1871ರ ಜನಗಣತಿಯಲ್ಲಿ 50 ಲಕ್ಷ ಮೀರಿದ್ದ ಜನಸಂಖ್ಯೆ 1881ರ ಹೊತ್ತಿಗೆ 42 ಲಕ್ಷದ ಆಸುಪಾಸಿಗೆ ಕುಸಿಯಿತು. ಅಂಥ ಪೆಟ್ಟು ತಿಂದ ರಾಜ್ಯದಲ್ಲಿ 1891ರಲ್ಲಿ ಸರ್ಕಾರಿ ನೌಕರರಿಗಾಗಿ ಜೀವ ವಿಮಾ ಯೋಜನೆ ಆರಂಭವಾಯಿತು. ಆಗ ಚಾಮರಾಜ ಒಡೆಯರ ಆಳ್ವಿಕೆ, ಕೆ. ಶೇಷಾದ್ರಿ ಅಯ್ಯರ್ ದಿವಾನರು. ಇಂದು ರಾಜ್ಯದ ನೌಕರರು ‘ಕೆಜಿಐಡಿ’ ಎಂದು ಕರೆಯುವ ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯ ಬೇರು ಅಲ್ಲಿದೆ. 1956ರಲ್ಲಿ ಖಾಸಗಿ ಜೀವ ವಿಮಾ ಕಂಪನಿಗಳೆಲ್ಲ ಎಲ್‌ಐಸಿಯೊಳಗೆ ಸೇರಿಹೋದಾಗಲೂ ಈ ಇಲಾಖೆ ಉಳಿದುಕೊಂಡಿತು.

ಜೀವ ವಿಮೆಯ ಲೆಕ್ಕಕ್ಕೆ ಒಂದು ಅನುಕೂಲವಿದೆ. ಸಾವಿರ ನೌಕರರಲ್ಲಿ ಈ ವರ್ಷ ಯಾರು ತೀರಿಕೊಳ್ಳುತ್ತಾರೋ ಯಾರೂ ಹೇಳಲಾರರು. ಎಷ್ಟು ಮಂದಿ ಎಂಬುದನ್ನು ಮಾತ್ರ ಹಿಂದಿನ ದಾಖಲೆ ನೋಡಿ ಸುಮಾರಾಗಿ ಹೇಳಬಹುದು. ಬರದ ಸ್ವಭಾವವೇ ಬೇರೆ. ದಾವಣಗೆರೆ ಜಿಲ್ಲೆಯ ಜಗಳೂರಿನಲ್ಲಿ ಮಳೆ ಕೈಕೊಟ್ಟರೆ ಒಬ್ಬ ರೈತನ ಹೊಲವಷ್ಟೇ ಒಣಗುವುದಿಲ್ಲ, ಸುತ್ತಲಿನ ಹಳ್ಳಿಗಳೆಲ್ಲ ಒಟ್ಟಿಗೆ ಕೈಚಾಚಬೇಕಾಗುತ್ತದೆ. ಹಾಗಾಗಿ ಬೆಳೆ ವಿಮೆಯನ್ನು ಜೀವ ವಿಮೆಯ ಅಚ್ಚಿನಲ್ಲಿ ಎರಕ ಹೊಯ್ಯಲು ಬರುವುದಿಲ್ಲ.

ಈ ಬಿಕ್ಕಟ್ಟಿಗೆ ಕೈಹಾಕಿದವರು ಜೆ.ಎಸ್. ಚಕ್ರವರ್ತಿ, ಮೈಸೂರು ಸರ್ಕಾರದ ಹಣಕಾಸು ಆಡಳಿತದಲ್ಲಿದ್ದ ಅಧಿಕಾರಿ. 1915ರ ಸುಮಾರಿನಿಂದ ಅವರು ರೈತರಿಗೆ ಮಳೆ ವಿಮೆ ಬೇಕೆಂದು ವಾದಿಸಿದರು, ‘ಮೈಸೂರು ಎಕನಾಮಿಕ್ ಜರ್ನಲ್’ನಲ್ಲಿ ಲೇಖನಗಳನ್ನು ಬರೆದರು, 1920ರಲ್ಲಿ ‘ಅಗ್ರಿಕಲ್ಚರಲ್ ಇನ್ಶೂರೆನ್ಸ್’ ಎಂಬ ಪುಸ್ತಕವನ್ನೇ ಹೊರತಂದರು. ಆಗಿನ್ನೂ ದಾವಣಗೆರೆ ಜಿಲ್ಲೆ ಇರಲಿಲ್ಲ, ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಲ್ಲಿದ್ದವು. ಇವೆಲ್ಲವೂ ಅವರು ಕಣ್ಣಮುಂದಿಟ್ಟುಕೊಂಡ ಸಂಸ್ಥಾನದ ಸೀಮೆಗಳೇ.

ಚಕ್ರವರ್ತಿಯವರ ಯೋಚನೆ ಸರಳ, ಆದರೆ ಆ ಕಾಲಕ್ಕೆ ಬೆರಗು ಹುಟ್ಟಿಸುವಂಥದ್ದು. ಪ್ರತಿ ರೈತನ ಹೊಲಕ್ಕೆ ಹೋಗಿ ನಷ್ಟ ಅಳೆಯುವುದು ದುಬಾರಿ. ಅಳೆಯುವವನ ಕೈ ಬಿಸಿ ಮಾಡಿದರೆ ಲೆಕ್ಕವೇ ಬದಲಾಗುತ್ತದೆ. ವಿಮೆ ಇದೆಯೆಂದು ಸಾಗುವಳಿಯಲ್ಲಿ ಉದಾಸೀನ ಮಾಡುವವರೂ ಇರುತ್ತಾರೆ. ಮಳೆಯನ್ನು ಮಾತ್ರ ಯಾರೂ ತಿದ್ದಲಾರರು. ಆದ್ದರಿಂದ ಒಂದು ಪ್ರದೇಶದ ಮಳೆಮಾಪಕದಲ್ಲಿ ಗೊತ್ತುಪಡಿಸಿದ ಮಟ್ಟಕ್ಕಿಂತ ಕಡಿಮೆ ಮಳೆ ದಾಖಲಾದರೆ, ಆ ಪ್ರದೇಶದ ವಿಮೆದಾರರಿಗೆಲ್ಲ ಪರಿಹಾರ.

ಕಂತಿನ ಲೆಕ್ಕ ಹೀಗೆ ಸಾಗುತ್ತದೆ. ಒಂದು ಊರಿನ 30 ವರ್ಷದ ಮಳೆ ದಾಖಲೆ ಇದೆ, ಅದರಲ್ಲಿ 6 ವರ್ಷ ಮಳೆ ಆ ಮಟ್ಟ ಮುಟ್ಟಿಲ್ಲ ಎಂದುಕೊಳ್ಳೋಣ. ಬರದ ವರ್ಷಕ್ಕೆ 5,000 ರೂಪಾಯಿ ಪರಿಹಾರವೆಂದರೆ 30 ವರ್ಷಕ್ಕೆ 30,000. ವರ್ಷಕ್ಕೆ ಸರಾಸರಿ 1,000. ಅದರ ಮೇಲೆ ಆಡಳಿತ ವೆಚ್ಚ, ಬರದ ಮೇಲೆ ಬರ ಬಂದರೆ ತಡೆದುಕೊಳ್ಳಲು ಬೇಕಾದ ಮೀಸಲು. ಹವಾಮಾನ ವಿಮೆಗೆ ದರ ಕಟ್ಟುವವರು ಇವತ್ತಿಗೂ ಹೊರಡುವುದು ಇಲ್ಲಿಂದಲೇ.

ಸಂಸ್ಥಾನ ಆ ಯೋಜನೆಯನ್ನು ಜಾರಿಗೆ ತರಲಿಲ್ಲ. ಅದು ದೊಡ್ಡ ನಷ್ಟವೇ ಸರಿ. ದೇಶದಲ್ಲಿ ಮಳೆ ಆಧರಿಸಿದ ವಿಮೆ ರೈತರ ಕೈಗೆ ಬಂದದ್ದು 2003ರಲ್ಲಿ, ಆಗಿನ ಆಂಧ್ರಪ್ರದೇಶದ ಮಹಬೂಬ್‌ನಗರ ಜಿಲ್ಲೆಯಲ್ಲಿ. ಅದನ್ನು ಹೊಸ ಪ್ರಯೋಗವೆಂದು ಜಗತ್ತು ನೋಡಿತು. ಅದಕ್ಕೂ ಮೊದಲು, 1995ರಲ್ಲೇ, ಪಿ.ಕೆ. ಮಿಶ್ರಾ ಅವರು ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಯಲ್ಲಿ ಚಕ್ರವರ್ತಿಯವರ ಪುಸ್ತಕವನ್ನು ಮತ್ತೆ ಬೆಳಕಿಗೆ ತಂದಿದ್ದರು.

ಅಷ್ಟರಲ್ಲಿ ದಾವಣಗೆರೆ ಕಡೆಯ ನೆಲವೇ ಬದಲಾಗಿತ್ತು. ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆಯ ನೀರು ನಾಲೆಗಳಲ್ಲಿ ಹರಿದು ಬಂದ ಮೇಲೆ ತ್ಯಾವಣಿಗೆಯ ಸುತ್ತ ಭತ್ತ ಬಂತು, ಚನ್ನಗಿರಿಯಲ್ಲಿ ಅಡಿಕೆ ತೋಟಗಳು ಹಬ್ಬಿದವು. ನಾಲೆಯ ಭತ್ತಕ್ಕೆ ಊರಿನ ಮಳೆಗಿಂತ ಕುದುರೆಮುಖದ ಕಡೆಯ ಮಳೆ ಮುಖ್ಯ. ತ್ಯಾವಣಿಗೆಯ ಮಾಪಕದಲ್ಲಿ ಒಳ್ಳೆಯ ಮಳೆ ದಾಖಲಾಗಿ ಜಲಾಶಯ 186 ಅಡಿಯ ಗರಿಷ್ಠ ಮಟ್ಟದಿಂದ ಬಹಳ ಕೆಳಗೇ ನಿಂತರೆ ಬೇಸಿಗೆ ಬೆಳೆಗೆ ನೀರು ಎಲ್ಲಿಂದ? 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದಾಗ, ನಾಲೆಗೆ ಎಷ್ಟು ದಿನ ನೀರು ಬಿಡಬೇಕೆಂಬುದೇ ದಾವಣಗೆರೆ ಜಿಲ್ಲೆಯ ರೈತರ ಹೋರಾಟವಾಯಿತು. ಮಳೆಯನ್ನೇ ನಂಬಿದ ಜಗಳೂರಿನ ಮೆಕ್ಕೆಜೋಳ, ಶೇಂಗಾಕ್ಕೆ ಚಕ್ರವರ್ತಿಯವರ ಸೂತ್ರ ಚೆನ್ನಾಗಿ ಒಗ್ಗುತ್ತದೆ. ನಾಲೆಯ ಗದ್ದೆಗೆ ಅದೇ ಸೂತ್ರ ಸಾಲದು. ಎರಡೂ ಒಂದೇ ಜಿಲ್ಲೆಯಲ್ಲಿರುವುದರಿಂದ ಇಲ್ಲಿ ಬೆಳೆದ ವಿದ್ಯಾರ್ಥಿಗೆ ಪಠ್ಯಪುಸ್ತಕ ಕಲಿಸದ ಒಂದು ತಿಳಿವಳಿಕೆ ಮನೆಯಿಂದಲೇ ಬಂದಿರುತ್ತದೆ. ಇನ್‌ಸ್ಟಿಟ್ಯೂಟ್ ಆಫ್ ಆಕ್ಚುಯರೀಸ್ ಆಫ್ ಇಂಡಿಯಾದ ಸಾಲುಸಾಲು ಪರೀಕ್ಷೆಗಳನ್ನು ದಾಟುವಷ್ಟೇ ಬೆಲೆ ಈ ತಿಳಿವಳಿಕೆಗೂ ಇದೆ.

2016ರಲ್ಲಿ ಬಂದ ಫಸಲ್ ಬಿಮಾ ಯೋಜನೆ ಭತ್ತ, ಮೆಕ್ಕೆಜೋಳಗಳ ನಷ್ಟವನ್ನು ಮುಖ್ಯವಾಗಿ ಬೆಳೆ ಕಟಾವು ಪ್ರಯೋಗದಿಂದ ಅಳೆಯುತ್ತದೆ. ಅಡಿಕೆಗೆ ಇರುವುದು ಹವಾಮಾನ ಆಧಾರಿತ ವಿಮೆ: ಹೆಕ್ಟೇರಿಗೆ 1,28,000 ರೂಪಾಯಿ ವಿಮಾ ಮೊತ್ತ, ಅದರ ಶೇ 5ರಂತೆ ರೈತ ಕಟ್ಟುವ ಕಂತು 6,400 ರೂಪಾಯಿ. ಗ್ರಾಮ ಪಂಚಾಯಿತಿಗಳಲ್ಲಿ ನಿಂತ ಮಳೆಮಾಪಕದ ಅಂಕಿಯೇ ಇಲ್ಲಿ ತೀರ್ಪು. ಯಂತ್ರ ಕೆಟ್ಟು ನಿಂತರೆ ಪಕ್ಕದೂರಿನ ಅಂಕಿ ಬಂದು ಕೂರುತ್ತದೆ, ಅತಿ ಮಳೆಯಿಂದ ಬರುವ ಕೊಳೆರೋಗದಲ್ಲಿ ಫಸಲು ಕಳೆದುಕೊಂಡವರಿಗೆ ಪರಿಹಾರ ತಪ್ಪಲೂಬಹುದು. ಮಳೆಯನ್ನು ಯಾರೂ ತಿದ್ದಲಾರರು ಎಂಬ ನಂಬಿಕೆಯ ಮೇಲೆ ನಿಂತ ವಿಮೆಯಿದು. ಮಾಪಕಗಳನ್ನು ಸುಸ್ಥಿತಿಯಲ್ಲಿಟ್ಟು, ಅವುಗಳ ದಿನದಿನದ ದಾಖಲೆಯನ್ನು ಪಂಚಾಯಿತಿ ಕಚೇರಿಯ ಗೋಡೆಯ ಮೇಲೆ ಕಂತು ಕಟ್ಟಿದವರಿಗೆ ಕಾಣುವಂತೆ ಹಚ್ಚುವ ಕೆಲಸ ಮೊದಲು ಆಗಬೇಕು.