ಕಾಳಿ ಹೊಳೆ ದಾಟಿ ಬಂದ ಬಿರುಗಾಳಿಯ ಸುದ್ದಿ

ಸದಾಶಿವಗಡದ ಗುಡ್ಡದ ಮೇಲೆ ನಿಂತರೆ ಕಾಳಿ ನದಿ ಸಮುದ್ರ ಸೇರುವ ಅಳಿವೆ, ಅದರಾಚೆ ಕಾರವಾರ ಕೊಲ್ಲಿ, ದೂರದಲ್ಲಿ ದೀಪಸ್ತಂಭ ಹೊತ್ತ ದೇವಗಡ ದ್ವೀಪ ಕಾಣುತ್ತವೆ. ಸೋಂದೆಯ ಅರಸರು 18ನೇ ಶತಮಾನದ ಆರಂಭದಲ್ಲಿ ಇಲ್ಲಿ ಕೋಟೆ ಕಟ್ಟಿದರು. ಹಡಗಿನಲ್ಲಿ ಬರುವ ಶತ್ರುವನ್ನು ಇಲ್ಲಿಂದ ಗುರುತಿಸಬಹುದಿತ್ತು. ಮೀನುಗಾರರ ಶತ್ರುವಾದ ಬಿರುಗಾಳಿಯಾದರೋ ಇಲ್ಲಿಂದ ಕಣ್ಣಿಗೆ ಬೀಳುವ ಹೊತ್ತಿಗೆ, ಕಡಲಲ್ಲಿರುವ ದೋಣಿಗೆ ಅಳಿವೆ ಸೇರುವಷ್ಟು ವೇಳೆ ಉಳಿದಿರುವುದಿಲ್ಲ.

ಗಾಳಿಗಿಂತ ಮೊದಲು ಗಾಳಿಯ ಸುದ್ದಿ ಮುಟ್ಟಿಸುವ ಸರ್ಕಾರಿ ವ್ಯವಸ್ಥೆ ನಮ್ಮ ದೇಶದಲ್ಲಿ ಶುರುವಾದದ್ದು 1864ರ ಕಲ್ಕತ್ತಾ ಚಂಡಮಾರುತದ ತರುವಾಯ. ಭಾರತೀಯ ಹವಾಮಾನ ಇಲಾಖೆ 1875ರಲ್ಲಿ ಸ್ಥಾಪನೆಯಾಯಿತು. 1898ರಲ್ಲಿ ಎಲ್ಲ ಬಂದರುಗಳಿಗೂ ಒಂದೇ ಬಗೆಯ ಸಂಕೇತಗಳು ಜಾರಿಗೆ ಬಂದವು. ಹಗಲು ಕಂಬಕ್ಕೆ ಶಂಕು, ಉರುಳೆಯ ಆಕಾರಗಳನ್ನು ಏರಿಸುವುದು, ರಾತ್ರಿ ಕೆಂಪು ಬಿಳಿ ದೀಪ ತೂಗುವುದು ಕ್ರಮ. ಒಂದರಿಂದ ಹನ್ನೊಂದರವರೆಗಿನ ಈ ಸಂಖ್ಯೆಗಳು ಇಂದಿಗೂ ಬಳಕೆಯಲ್ಲಿವೆ. ‘ಕಾರವಾರ ಬಂದರಿನಲ್ಲಿ 3ನೇ ಸಂಖ್ಯೆಯ ಎಚ್ಚರಿಕೆ ಸಂಕೇತ’ ಎಂಬ ಸುದ್ದಿ ಓದುಗರಿಗೆ ಹೊಸತಲ್ಲ. ಇವುಗಳಲ್ಲಿ 10ನೆಯದು ಮಹಾ ಅಪಾಯದ ಸೂಚನೆ. 11ನೆಯದರ ಅರ್ಥ ಇನ್ನೂ ವಿಚಿತ್ರ: ಹವಾಮಾನ ಕೇಂದ್ರದ ಜೊತೆಗಿನ ಸಂಪರ್ಕವೇ ಕಡಿದುಹೋಗಿದೆ, ಮುಂದಿನದನ್ನು ಸ್ಥಳೀಯ ಅಧಿಕಾರಿಯೇ ಊಹಿಸಿದ್ದಾನೆ.

ಈ ಕಂಬದ ಕೊರತೆ ಎಂದರೆ ಅದು ಇರುವುದು ಬಂದರಿನಲ್ಲಿ. ಬಂದರು ಹೊಳೆಯ ದಕ್ಷಿಣಕ್ಕೆ, ಸದಾಶಿವಗಡ ಉತ್ತರ ದಡದಲ್ಲಿ. 1983ರ ಸುಮಾರಿಗೆ ಸೇತುವೆ ಆಗುವ ಮೊದಲು ಆಚೆ ದಡದ ಯಾವ ಸುದ್ದಿಯಾದರೂ ಕಾಳಿಯನ್ನು ದೋಣಿಯಲ್ಲೇ ದಾಟಬೇಕಿತ್ತು. ಬಿರುಗಾಳಿ ಬೀಸುವಾಗ ದೋಣಿ ದಾಟುವುದೆಲ್ಲಿ ಬಂತು!

ದೋಣಿಯಿಲ್ಲದೆ ಹೊಳೆ ದಾಟಿದ ಮೊದಲ ಎಚ್ಚರಿಕೆ ರೇಡಿಯೋದ್ದು. 1950ರ ಜನವರಿಯಲ್ಲಿ ಆಕಾಶವಾಣಿ ಧಾರವಾಡ ಆರಂಭವಾಯಿತು. ಗೋವಾ ವಿಮೋಚನೆಯ ನಂತರ ಪೋರ್ಚುಗೀಸರ ‘ಎಮಿಸೊರಾ ದ ಗೋವಾ’ ಆಕಾಶವಾಣಿ ಪಣಜಿಯಾಯಿತು. ಮನೆಯಲ್ಲಿ ಕೊಂಕಣಿ, ಶಾಲೆ ಕಚೇರಿಗಳಲ್ಲಿ ಕನ್ನಡ ಆಡುವ ಈ ಗಡಿಸೀಮೆಗೆ ಎರಡೂ ಭಾಷೆಯ ನಿಲಯಗಳು ಒದಗಿದವು. ಹಿಂದೆ ರೇಡಿಯೋ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಲೈಸೆನ್ಸ್ ಪಡೆಯಬೇಕಿತ್ತು ಎಂಬುದು ಇಂದಿನ ಹುಡುಗರಿಗೆ ತಮಾಷೆಯಾಗಿ ಕಂಡೀತು.

ಮಧ್ಯಮ ತರಂಗದ ಸೆಟ್ಟಿಗೆ ಇನ್ನೊಂದು ಗುಣವಿದೆ. ಹತ್ತಿರದಲ್ಲಿ ಮಿಂಚಿದರೆ ಅದು ಕರಕರ ಎನ್ನುತ್ತದೆ. ನಿಲಯ ಏನೇ ಹೇಳಲಿ, ಮೋಡದ ಸುದ್ದಿ ಸೆಟ್ಟೇ ಕೊಡುತ್ತದೆ. 1895ರಲ್ಲಿ ರಷ್ಯದ ಅಲೆಕ್ಸಾಂಡರ್ ಪೊಪೊವ್ ತೋರಿಸಿದ ಉಪಕರಣ ಹಿಡಿದದ್ದೂ ಇದನ್ನೇ, ದೂರದ ಮಿಂಚಿನ ಅಲೆಗಳನ್ನು. ರೇಡಿಯೋ ಹುಟ್ಟಿದ್ದೇ ಗುಡುಗಿನ ಸುದ್ದಿ ಹೇಳಲು ಎಂದರೆ ಹೆಚ್ಚು ತಪ್ಪಾಗದು.

ಆದರೆ ಮಲಗಿದವನ ಸೆಟ್ಟು ಬಂದ್ ಆಗಿರುತ್ತದೆ. ತಾನೇ ಎದ್ದು ಕೂಗುವ ರೇಡಿಯೋ ಬೇಕಿತ್ತು. ಅಮೆರಿಕದಲ್ಲಿ ಹವಾಮಾನಕ್ಕೆಂದೇ ಮೀಸಲಾದ ನಿಲಯಗಳಿವೆ. ಅಪಾಯ ಬಂದಾಗ ಅವು ಒಂದು ನಿರ್ದಿಷ್ಟ ಸ್ವರ ಹೊರಡಿಸುತ್ತವೆ, ಅದನ್ನು ಗುರುತಿಸಿ ಮನೆಯ ಸೆಟ್ಟು ಎಚ್ಚರಗೊಳ್ಳುತ್ತದೆ. ನಮ್ಮಲ್ಲಿ ಇದರ ಸಮೀಪಕ್ಕೆ ಬಂದದ್ದು ಉಪಗ್ರಹದ ಮೂಲಕ. 1977ರ ನವೆಂಬರಿನಲ್ಲಿ ಆಂಧ್ರದ ದಿವಿಸೀಮೆಯಲ್ಲಿ ಸುಮಾರು 10,000 ಜನ ಸತ್ತರು. 1983ರಲ್ಲಿ ಇನ್ಸಾಟ್-1ಬಿ ಮೇಲೇರಿದ ಮೇಲೆ ಕರಾವಳಿಯಲ್ಲಿ ವಿಶೇಷ ಗ್ರಾಹಕ ಯಂತ್ರಗಳನ್ನು ಇಡಲಾಯಿತು. ಪ್ರತಿ ಯಂತ್ರಕ್ಕೂ ಒಂದು ಗುಟ್ಟಿನ ಸಂಖ್ಯೆ. ಯಾವ ಜಿಲ್ಲೆಗೆ ಅಪಾಯವೋ ಆ ಸಂಖ್ಯೆ ಕಳಿಸಿದರೆ ಅಲ್ಲಿಯ ಯಂತ್ರಗಳು ಮಾತ್ರ ಸೈರನ್ ಕೂಗಿ, ಜನರ ಭಾಷೆಯಲ್ಲಿ ಸಂದೇಶ ಓದುತ್ತಿದ್ದವು. 1990ರ ಮೇ ತಿಂಗಳಲ್ಲಿ ಅಷ್ಟೇ ಉಗ್ರವಾದ ಚಂಡಮಾರುತ ಆಂಧ್ರಕ್ಕೇ ಅಪ್ಪಳಿಸಿದಾಗ ಲಕ್ಷಾಂತರ ಜನರನ್ನು ಮೊದಲೇ ಸಾಗಿಸಲಾಗಿತ್ತು. ಸತ್ತವರು ಸುಮಾರು ಸಾವಿರ. ಅದೂ ಸಣ್ಣ ಸಂಖ್ಯೆಯಲ್ಲ, ಆದರೆ 1977ರ ಪಕ್ಕದಲ್ಲಿಟ್ಟು ನೋಡಬೇಕು.

ಸಂಖ್ಯೆ ಹಿಡಿದು ಕರೆಯುವ ಇದೇ ಉಪಾಯವನ್ನು ಜೇಬಿಗೆ ಇಳಿಸಿದ್ದು ಪೇಜರ್. ಭಾರತಕ್ಕೆ 1995ರಲ್ಲಿ ಬಂದು, ಮೊಬೈಲ್ ಅಗ್ಗವಾಗುತ್ತಲೇ ಹತ್ತು ವರ್ಷದೊಳಗೆ ಮಾಯವಾಯಿತು. ಅದರ ಪ್ರಸಾರ ಗೋಪುರಗಳು ಮುಖ್ಯವಾಗಿ ನಗರಗಳಲ್ಲಿದ್ದವು. ಆಳ ಸಮುದ್ರಕ್ಕೆ ಅದರ ಕರೆ ಮುಟ್ಟುವಂತಿರಲಿಲ್ಲ.

ಮೊಬೈಲಿನದೂ ಅದೇ ಕಥೆ ಎಂದು 2017ರ ಒಖಿ ತೋರಿಸಿತು. ನವೆಂಬರ್ 30ರಂದು ಚಂಡಮಾರುತ ಎಂದು ಘೋಷಣೆಯಾಗುವ ಹೊತ್ತಿಗೆ ಕೇರಳ, ತಮಿಳುನಾಡಿನ ದೋಣಿಗಳು ದಡದ ಸಿಗ್ನಲ್ ದಾಟಿ ಹೋಗಿದ್ದವು. ನೂರಾರು ಮಂದಿ ಮರಳಲಿಲ್ಲ. 2019ರ ಅಕ್ಟೋಬರಿನಲ್ಲಿ ಬಿಡುಗಡೆಯಾದ ‘ಜೆಮಿನಿ’ ಎಂಬ ಸಾಧನ ಈ ಪಾಠದ ಫಲ. ಗಗನ್ ಉಪಗ್ರಹ ವ್ಯವಸ್ಥೆಯಿಂದ ಎಚ್ಚರಿಕೆ ಪಡೆದು ಅದು ಮೀನುಗಾರನ ಮೊಬೈಲಿಗೆ ದಾಟಿಸುತ್ತದೆ. ಸುದ್ದಿ ಬರುತ್ತದೆ, ಉತ್ತರ ಹೋಗುವುದಿಲ್ಲ. ಸಮುದ್ರದ ಪೇಜರ್ ಎಂದೇ ಅದನ್ನು ಕರೆಯಬಹುದು. ಅದೇ ತಿಂಗಳು ‘ಕ್ಯಾರ್’ ಎದ್ದಾಗ ಮುನ್ಸೂಚನೆ ಪಡೆದ ಹೊರರಾಜ್ಯಗಳ ನೂರಾರು ದೋಣಿಗಳು ಕಾರವಾರದ ಬೈತಖೋಲ ಬಂದರಿಗೆ ಬಂದು ಲಂಗರು ಹಾಕಿದ್ದವು. ಉತ್ತರವನ್ನೂ ಕಳಿಸಬಲ್ಲ ಇಸ್ರೋ ತಂತ್ರದ ಟ್ರಾನ್ಸ್‌ಪಾಂಡರ್‌ಗಳನ್ನು ಒಂದು ಲಕ್ಷ ದೋಣಿಗಳಿಗೆ ಅಳವಡಿಸುವ ಯೋಜನೆಗೆ 2024ರಲ್ಲಿ ಚಾಲನೆ ಸಿಕ್ಕಿತು.

ದಡದಲ್ಲಿರುವವರಿಗೆ ಈಗ ಮೊಬೈಲೇ ಸೈರನ್. 2023ರ ಅಕ್ಟೋಬರ್ 12ರಂದು ಕರ್ನಾಟಕದ ಮೊಬೈಲುಗಳು ಒಮ್ಮೆಲೇ ಚೀರಿ ಎಲ್ಲರನ್ನೂ ಬೆಚ್ಚಿಬೀಳಿಸಿದ್ದು ಇದರದೇ ಪರೀಕ್ಷೆ.

ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಯಾಂತ್ರೀಕೃತ ದೋಣಿಗಳಿಗೆ ನಿಷೇಧವಿದೆ. ಸಣ್ಣ ನಾಡದೋಣಿಗಳಿಗೆ ಈ ನಿಷೇಧ ಇಲ್ಲ. ವರ್ಷದ ಕೆಟ್ಟ ಗಾಳಿಯ ಎರಡು ತಿಂಗಳು ಕಡಲಿಗಿಳಿಯುವವರು ಇವರೇ. ಹೊಸ ಯಂತ್ರಗಳ ಮಾತು ಹೆಚ್ಚಾಗಿ ನಡೆಯುವುದು ದೊಡ್ಡ ದೋಣಿಗಳ ಬಗ್ಗೆ. ನಾಡದೋಣಿಯವರ ಬಳಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಒಂದು ಮೊಬೈಲ್ ಇರುತ್ತದೆ. ಅದರ ಸಿಗ್ನಲ್ ಇರುವಷ್ಟು ದೂರ ಸುದ್ದಿಯೂ ಇರುತ್ತದೆ.